ಸೈನಿಕನ ಪಿಂಚಣಿ: ಹೆಂಡತಿಗೋ, ಹೆತ್ತವರಿಗೋ?

ಗಡಿಯಲ್ಲಿ ಮಡಿದ ಸೈನಿಕನ ಮನೆಗೆ ಮೊದಲು ಬರುವುದು ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ. ಜೊತೆಯಲ್ಲೇ ಮಂತ್ರಿಗಳು, ಕ್ಯಾಮೆರಾಗಳು, ಇಡೀ ಊರು. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಕಾಗದಪತ್ರಗಳ ಸರದಿ. ಒಂದೇ ಸೂರಿನಡಿ ಅತ್ತ ಅತ್ತೆ–ಸೊಸೆ ಮುಖ ತಿರುಗಿಸಿಕೊಳ್ಳುವುದು ಆಗ.

ನಿಯಮವೇನೋ ಸರಳ. ಮದುವೆಯಾಗದ ಸೈನಿಕನ ಪಿಂಚಣಿ ತಂದೆತಾಯಿಗೆ, ಮದುವೆಯಾಗಿದ್ದರೆ ಹೆಂಡತಿಗೆ. ಶತ್ರುವಿನೊಡನೆ ಹೋರಾಡುತ್ತ ಸತ್ತವನ ಮಡದಿಗೆ ಸಿಗುವ ಉದಾರೀಕೃತ ಕುಟುಂಬ ಪಿಂಚಣಿ ಆತನ ಕೊನೆಯ ಸಂಬಳದಷ್ಟೇ ಇರುತ್ತದೆ. ವಿಮೆ, ಭವಿಷ್ಯನಿಧಿಯನ್ನು ಆತ ಬದುಕಿದ್ದಾಗಲೇ ಇಂತಿಂಥವರಿಗೆ ಇಷ್ಟಿಷ್ಟು ಎಂದು ಬರೆದಿಡಬಹುದು. ಪಿಂಚಣಿಯನ್ನು ಹಾಗೆ ಬರೆದಿಡಲು ಬರುವುದಿಲ್ಲ. ಮಗನನ್ನು ಕಳೆದುಕೊಂಡ ದಂಪತಿಯೊಬ್ಬರು 2024ರಲ್ಲಿ ಈ ನಿಯಮ ಬದಲಾಗಲಿ ಎಂದು ಬಹಿರಂಗವಾಗಿಯೇ ಕೇಳಿದರು; ದೇಶವೆಲ್ಲ ಎರಡು ಪಾಳಯವಾಯಿತು.

ಹೆತ್ತವರ ಮಾತನ್ನು ದುರಾಸೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಮಿಲಿಟರಿಗೆ ಸೇರಿದ ಹುಡುಗನ ಸಂಬಳದಿಂದಲೇ ಮನೆಗೆ ಆರ್‌ಸಿಸಿ ಬೀಳುತ್ತದೆ, ತಂಗಿಯ ಮದುವೆ ಸಾಲ ತೀರುತ್ತದೆ, ಅಪ್ಪನ ಬಿಪಿ ಮಾತ್ರೆ ಬರುತ್ತದೆ. ಮದುವೆಯಾಗಿ ಐದಾರು ತಿಂಗಳಿಗೇ ಅವನು ಹೋದರೆ ಆ ಆಸರೆ ಒಂದೇ ದಿನದಲ್ಲಿ ಕಳಚುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಮಗನ ಆಸ್ತಿಯಲ್ಲಿ ತಾಯಿಗೆ ಸೊಸೆಯಷ್ಟೇ ಪಾಲು ಕೊಡುತ್ತದೆ. ಆದರೆ ಕುಟುಂಬ ಪಿಂಚಣಿ ಸತ್ತವನ ಆಸ್ತಿಯೆನಿಸುವುದಿಲ್ಲ. ಹಾಗಾಗಿ ಆ ಕಾಯ್ದೆ ಅಲ್ಲಿ ತಾಯಿಯ ಕೈಹಿಡಿಯುವುದಿಲ್ಲ.

ಇನ್ನು ಸೊಸೆ. ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು, ಮುಂದೆ ಐವತ್ತು ವರ್ಷದ ಬದುಕು. ‘ನಾಳೆ ಇನ್ನೊಬ್ಬನನ್ನು ಮದುವೆಯಾದರೆ ನಮ್ಮ ಮಗನ ದುಡ್ಡು ಬೇರೆ ಮನೆ ಸೇರುತ್ತದಲ್ಲ’ ಎಂಬ ಮಾತು ಅವಳ ಕಿವಿಗೆ ಬೀಳದೆ ಇರುವುದಿಲ್ಲ. ಈ ಮಾತಿಗೆ ಹಳೆಯ ಬೇರುಗಳಿವೆ. ಹರಿಯಾಣ, ಪಂಜಾಬ್‌ಗಳಲ್ಲಿ ವಿಧವೆಯನ್ನು ಮೈದುನನಿಗೆ ಕೊಟ್ಟು ಮದುವೆ ಮಾಡುವ ‘ಕರೇವಾ’ ಪದ್ಧತಿ ಇದೆ. ಹೊಲವೂ ಹಣವೂ ಮನೆಯಲ್ಲೇ ಉಳಿಯಲಿ ಎಂಬುದು ಅದರ ಲೆಕ್ಕ. ಸರ್ಕಾರವೂ ಆ ಲೆಕ್ಕಕ್ಕೆ ಮೊಹರು ಒತ್ತಿತ್ತು! ಶೌರ್ಯ ಪದಕದ ಭತ್ಯೆ ಪಡೆಯುತ್ತಿದ್ದ ವಿಧವೆ ಮರುಮದುವೆಯಾದರೆ, ಗಂಡನ ಸಹೋದರನನ್ನು ವರಿಸಿದ್ದರೆ ಮಾತ್ರ ಭತ್ಯೆ ಮುಂದುವರಿಯುತ್ತಿತ್ತು. ಆ ಷರತ್ತು ಹೋಗಿದ್ದು 2017ರ ನವೆಂಬರ್‌ನಲ್ಲಿ. ಪಿಂಚಣಿಯಲ್ಲಿ ಪಾಲು ಹಾಕುವ ಮಾತು ಬಂದಾಗಲೆಲ್ಲ ನನಗೆ ಈ ಷರತ್ತು ನೆನಪಾಗುತ್ತದೆ. ತಿಂಗಳ ದುಡ್ಡಿನ ಒಂದು ತುದಿ ಅತ್ತೆಮಾವನ ಕೈಯಲ್ಲಿದ್ದರೆ, ಅವಳ ಬದುಕಿನ ಒಂದು ತುದಿಯೂ ಅವರ ಕೈಯಲ್ಲೇ ಉಳಿಯುತ್ತದೆ.

ಹಾಗಾದರೆ ಹೆತ್ತವರಿಗೇನು? ಒಮ್ಮೆಗೇ ಕೊಡುವ ಪರಿಹಾರಧನವನ್ನು ಹಂಚುವುದು ನ್ಯಾಯವೆಂದೇ ನನಗನ್ನಿಸುತ್ತದೆ. ಉತ್ತರ ಪ್ರದೇಶ ತನ್ನ 50 ಲಕ್ಷ ರೂಪಾಯಿಯಲ್ಲಿ 35 ಲಕ್ಷ ಹೆಂಡತಿಗೆ, 15 ಲಕ್ಷ ತಂದೆತಾಯಿಗೆ ಎಂದು ಮೊದಲೇ ಗೊತ್ತುಮಾಡಿದೆ. ಯಾರೂ ಯಾರ ಮುಂದೂ ಕೈಯೊಡ್ಡಬೇಕಾಗಿಲ್ಲ. ತಿಂಗಳ ಪಿಂಚಣಿ ಪೂರ್ತಿ ಹೆಂಡತಿಯದೇ ಇರಲಿ. ಮಗನ ದುಡಿಮೆಯನ್ನೇ ನಂಬಿದ್ದ ಮುದುಕರಿಗೆ ಸರ್ಕಾರ ಬೇರೆಯದೇ ಮಾಸಾಶನ ಕೊಡಲಿ. ಖರ್ಚು ಹೆಚ್ಚುತ್ತದೆ, ನಿಜ. ಮಕ್ಕಳನ್ನು ಸಾಕುತ್ತ ಅತ್ತೆಮಾವನನ್ನೂ ನೋಡಿಕೊಳ್ಳುವ ಸೊಸೆಯಂದಿರ ಮನೆಗೆ ಎರಡೆರಡು ಕಡೆಯಿಂದ ಹಣ ಹೋಗುತ್ತದೆ ಎಂಬ ಆಕ್ಷೇಪವೂ ಬರಬಹುದು. ಹೋಗಲಿ ಬಿಡಿ. ಒಂದೇ ಪಿಂಚಣಿಯನ್ನು ಸೀಳಿ, ದುಃಖದಲ್ಲಿರುವ ಇಬ್ಬರು ಹೆಂಗಸರನ್ನು ಕಚೇರಿಯ ಒಂದೇ ಮೇಜಿನ ಮುಂದೆ ಎದುರುಬದುರು ನಿಲ್ಲಿಸುವುದಕ್ಕಿಂತ ಆ ಖರ್ಚನ್ನು ನಾವೆಲ್ಲ ಹೊತ್ತುಕೊಳ್ಳಬಹುದು.