‘ನಾವು’ ಎಂಬ ಮಾತಿನ ಬೆಲೆ

ಮನೆ ಕಟ್ಟಿಯಾಯಿತು, ಮಕ್ಕಳ ಮದುವೆಯಾಯಿತು, ಬ್ಯಾಂಕಿನಲ್ಲಿ ಠೇವಣಿಯೂ ಇದೆ. ಆದರೂ ಬೆಳಿಗ್ಗೆ ಏಕೆ ಏಳಬೇಕೆಂಬುದೇ ತಿಳಿಯುತ್ತಿಲ್ಲ. ನಿವೃತ್ತರಾದ ಹಿರಿಯರೊಬ್ಬರು ಭಾನುವಾರದ ಪೂಜೆಯ ಬಳಿಕ ಇಗರ್ಜಿಯ ಜಗಲಿಯಲ್ಲಿ ನಿಂತು ನಮ್ಮೊಡನೆ ಹೀಗೆಂದರು. ಉತ್ತಮ ಅಂಕ ಗಳಿಸಿ ಒಳ್ಳೆಯ ಉದ್ಯೋಗ ಹಿಡಿದ ತರುಣರೂ ಇದೇ ಅಳಲನ್ನು ಬೇರೆ ಮಾತುಗಳಲ್ಲಿ ತೋಡಿಕೊಳ್ಳುತ್ತಾರೆ. ಬದುಕಿನ ಗುರಿಯಾದರೂ ಏನು?

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುವಾಗ ನಾವು ಇದಕ್ಕೆ ಉತ್ತರವನ್ನು ಕಲಿತಿದ್ದೆವು. ಮಾನವನ ಪ್ರತಿಯೊಂದು ಕ್ರಿಯೆಯೂ ಒಂದು ಒಳಿತನ್ನು ಗುರಿಯಾಗಿಸಿಕೊಂಡಿರುತ್ತದೆ ಎಂದರು ಅರಿಸ್ಟಾಟಲ್. ಆ ಪರಮ ಒಳಿತು ದೇವರೇ ಎಂದರು ಸಂತ ತೋಮಸ್ ಅಕ್ವಿನಾಸರು. ಗುರಿಯೇನೋ ತಿಳಿಯಿತು, ದಾರಿಯ ಮಾತೇನು? ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ‘ಗೌದಿಯುಮ್ ಎತ್ ಸ್ಪೆಸ್’ ಎಂಬ ದಸ್ತಾವೇಜಿನಲ್ಲಿ, ತನ್ನನ್ನು ನಿಷ್ಕಪಟವಾಗಿ ಅರ್ಪಿಸಿಕೊಳ್ಳದೆ ಮನುಷ್ಯನು ತನ್ನನ್ನು ಪೂರ್ಣವಾಗಿ ಕಂಡುಕೊಳ್ಳಲಾರನೆಂದು ಬೋಧಿಸಿತು. ಕಳೆದುಕೊಂಡವನು ಪಡೆಯುವುದೆಂತು? ತರ್ಕಕ್ಕೆ ತೊಡಕೆನಿಸುವ ಈ ಮಾತು ಒಬ್ಬ ಗುರುವಿನ ಬದುಕಿನಲ್ಲಿ ಸ್ಪಷ್ಟವಾಗುತ್ತದೆ.

ಬೆಲ್ಜಿಯಂನಲ್ಲಿ 1840ರಲ್ಲಿ ಜನಿಸಿದ ಸಂತ ಡೇಮಿಯನ್‌ರು ಹವಾಯಿ ದ್ವೀಪಗಳಲ್ಲಿ ಸೇವೆ ಸಲ್ಲಿಸುತ್ತಿದ್ದರು. ಅಂದು ಕುಷ್ಠರೋಗಕ್ಕೆ ಇಂದಿನಂತೆ ಗುಣಪಡಿಸುವ ಔಷಧವಿರಲಿಲ್ಲ. ಅಲ್ಲಿನ ಸರ್ಕಾರವು ರೋಗಿಗಳನ್ನು ಮನೆಮಂದಿಯಿಂದ ಅಗಲಿಸಿ ಮೊಲೊಕಾಯಿ ದ್ವೀಪಕ್ಕೆ ಸಾಗಿಸುತ್ತಿತ್ತು. ಒಂದೆಡೆ ಕಡಲು, ಇನ್ನೊಂದೆಡೆ ಗೋಡೆಯಂತೆ ಕಡಿದಾದ ಬೆಟ್ಟ. 1873ರಲ್ಲಿ, ತಮ್ಮ 33ನೆಯ ವಯಸ್ಸಿನಲ್ಲಿ, ಡೇಮಿಯನ್‌ರು ಅಲ್ಲಿಗೆ ತೆರಳಿದರು. ಗುರುಗಳು ಸರದಿಯಂತೆ ಹೋಗಿಬರಲೆಂಬುದು ಧರ್ಮಾಧ್ಯಕ್ಷರ ಯೋಜನೆಯಾಗಿತ್ತು; ಇವರು ಅಲ್ಲಿಯೇ ಉಳಿಯಲು ಅನುಮತಿ ಬೇಡಿದರು. ಹುಣ್ಣುಗಳನ್ನು ತೊಳೆದರು, ಮನೆಗಳನ್ನು ಕಟ್ಟಿದರು, ಶವಪೆಟ್ಟಿಗೆಗಳನ್ನು ತಾವೇ ಮಾಡಿ ಸಮಾಧಿಯ ಗುಂಡಿಯನ್ನೂ ತೋಡಿದರು. ಪ್ರಸಂಗ ಮಾಡುವಾಗ ‘ಸಹೋದರರೇ’ ಎನ್ನುವ ಬದಲು ‘ಕುಷ್ಠರೋಗಿಗಳಾದ ನಾವು’ ಎನ್ನುತ್ತಿದ್ದರು. ಅದೂ ರೋಗ ತಮಗೆ ತಗಲುವ ಬಹು ಮುನ್ನವೇ. ವರ್ಷಗಳ ತರುವಾಯ ಆ ಮಾತು ಅಕ್ಷರಶಃ ನಿಜವಾಯಿತು. 1889ರ ಏಪ್ರಿಲ್ 15ರಂದು ಅದೇ ರೋಗದಿಂದ ಅವರು ಮೃತರಾದರು. 2009ರಲ್ಲಿ ಧರ್ಮಸಭೆಯು ಅವರನ್ನು ಸಂತರೆಂದು ಘೋಷಿಸಿತು.

ಅವರು ನಿಧನರಾದ ಮರುವರ್ಷ, 1890ರಲ್ಲಿ, ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಜರ್ಮನ್ ಗುರು ಫಾದರ್ ಆಗಸ್ಟಸ್ ಮುಲ್ಲರ್‌ರು ಕುಷ್ಠರೋಗಿಗಳಿಗಾಗಿ ಆಶ್ರಯ ತೆರೆದರು. 1880ರಲ್ಲಿಯೇ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲಾರಂಭಿಸಿದ್ದವರು ಅವರು. ಇಬ್ಬರೂ ಗುರಿಯನ್ನು ಹುಡುಕುತ್ತ ಕುಳಿತವರಲ್ಲ. ಎದುರಿಗಿದ್ದ ನೋವಿಗೆ ಓಗೊಟ್ಟರು. ಗುರಿ ತಾನಾಗಿ ದೊರಕಿತು.

ಇಲ್ಲಿ ನಾವು ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ನಮ್ಮ ಕುಟುಂಬಗಳಲ್ಲಿ ನಿಸ್ವಾರ್ಥತೆಯನ್ನು ತಾಯಿಗೋ ಸೊಸೆಗೋ ವಹಿಸಿಕೊಟ್ಟು ಉಳಿದವರು ನೆಮ್ಮದಿಯಾಗಿರುವುದುಂಟು. ಹಾಸಿಗೆ ಹಿಡಿದ ಅಜ್ಜನ ಆರೈಕೆ ಒಬ್ಬಳದ್ದು, ಜಪಸರ ಮಾತ್ರ ಎಲ್ಲರದ್ದು. ಇದು ಯೇಸುಸ್ವಾಮಿ ತೋರಿದ ದಾರಿಯಲ್ಲ. ಶಿಷ್ಯರ ಕಾಲು ತೊಳೆಯಲು ಅವರು ಬೇರೊಬ್ಬರಿಗೆ ಆಜ್ಞಾಪಿಸಲಿಲ್ಲ. ತಾವೇ ಸೊಂಟಕ್ಕೆ ವಸ್ತ್ರ ಕಟ್ಟಿದರು. ತ್ಯಾಗವನ್ನು ಸ್ವತಃ ಆರಿಸಿಕೊಳ್ಳಬೇಕೇ ಹೊರತು ಇನ್ನೊಬ್ಬರ ಮೇಲೆ ಹೇರಲಾಗದು. ಪೀಠದಿಂದ ತ್ಯಾಗವನ್ನು ಬೋಧಿಸುವ ಗುರುಗಳಾದ ನಮಗೂ ಈ ಮಾತು ಅನ್ವಯಿಸುತ್ತದೆ.

ಮೊಲೊಕಾಯಿಯಂತಹ ದ್ವೀಪಗಳು ಇಂದು ನಮ್ಮ ವಾಳೆಗಳಲ್ಲಿಯೂ ಇವೆ. ಮಕ್ಕಳು ಪರದೇಶದಲ್ಲಿದ್ದು, ತಿಂಗಳು ತಿಂಗಳು ಹಣ ತಪ್ಪದೆ ಬರುತ್ತಿದ್ದರೂ ಮಾತನಾಡಿಸುವವರಿಲ್ಲದ ವೃದ್ಧರ ಮನೆಗಳವು. ಅಂದು ಆ ಹಿರಿಯರಿಗೆ ನಾವು ಉಪದೇಶ ಮಾಡಲಿಲ್ಲ. ಅವರ ಮನೆಯಿಂದ ನಾಲ್ಕು ಮನೆಯಾಚೆ ಕಣ್ಣು ಮಂಜಾದ ವೃದ್ಧೆಯೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯುವವರಿಲ್ಲವೆಂದು ತಿಳಿಸಿದೆವು, ಅಷ್ಟೆ. ಕೆಲವು ವಾರಗಳ ಬಳಿಕ ಅವರು ಪೂಜೆ ಮುಗಿದೊಡನೆ ಅವಸರದಿಂದ ಹೊರಟಿದ್ದರು. ತಡೆದು ಕ್ಷೇಮ ವಿಚಾರಿಸಿದಾಗ, “ಫಾದರ್, ನಾಳೆ ನಮಗೆ ಕಣ್ಣಿನ ಆಪರೇಷನ್ ಇದೆ” ಎಂದರು.

‘ನಮಗೆ’ ಎಂದರು. ಅವರ ಕಣ್ಣುಗಳಲ್ಲಿ ಯಾವ ದೋಷವೂ ಇರಲಿಲ್ಲ.