ಕುಂಡದ ಗಿಡ, ಕಾಡಿನ ಲೆಕ್ಕ

ಚಾಮರಾಜನಗರ, ಗುಂಡ್ಲುಪೇಟೆಗಳ ಹೊಸ ಬಡಾವಣೆಗಳಲ್ಲಿ ಮನೆಯಂಗಳದ ಸ್ವರೂಪ ಬದಲಾಗುತ್ತಿದೆ. ಮಲ್ಲಿಗೆ, ಕನಕಾಂಬರಗಳಿದ್ದಲ್ಲಿಗೆ ಕ್ರೋಟನ್, ಡ್ರಸೀನಾ, ಹಳದಿ ಅಂಚಿನ ಭೂತಾಳೆಗಳು ಬಂದಿವೆ. ಹೂವಿಗಾಗಿ ಕಾಯಬೇಕಿಲ್ಲ, ಎಲೆಯ ಬಣ್ಣ ಮತ್ತು ಗಿಡದ ಮೈಕಟ್ಟೇ ವರ್ಷವಿಡೀ ಶೋಭೆ. ಮಳೆನೆರಳಿನ ಈ ಸೀಮೆಯಲ್ಲಿ ಹುಲ್ಲುಹಾಸಿಗೆ ಕೊಳವೆಬಾವಿಯ ನೀರು ಸುರಿಯುವುದಕ್ಕಿಂತ ಇದು ಎಷ್ಟೋ ವಿವೇಕದ ಆಯ್ಕೆ. ಭೂತಾಳೆಗೆ ತಳದಲ್ಲಿ ತೂತಿರುವ ಕುಂಡ, ಮರಳು ಬೆರೆತ ಮಣ್ಣು ಸಾಕು. ಕ್ರೋಟನ್‌ಗೆ ಮಾತ್ರ ಬಿಸಿಲು ಬೇಕು. ನೆರಳಿನಲ್ಲಿಟ್ಟರೆ ಅದರ ಕೆಂಪು, ಹಳದಿಗಳು ಮಾಸಿ ಬರಿಯ ಹಸಿರಾಗುತ್ತವೆ.

ಆದರೆ ಇವು ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದ ಹುಲಿ ಅರಣ್ಯಗಳ ಮಗ್ಗುಲಿನ ಊರುಗಳು. ಇಲ್ಲಿನ ಅಂಗಳದ ಬೀಜ ಅಂಗಳದಲ್ಲೇ ಉಳಿಯುತ್ತದೆಂಬ ಭರವಸೆಯಿಲ್ಲ. ಲಂಟಾನ 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು ಅಲಂಕಾರದ ಗಿಡವಾಗಿಯೇ. ಹಣ್ಣು ತಿಂದ ಹಕ್ಕಿಗಳು ಅದನ್ನು ಕಾಡಿಗೊಯ್ದವು. ಇಂದು ಈ ಎರಡೂ ಅರಣ್ಯಗಳ ವಿಶಾಲ ಭಾಗಗಳಲ್ಲಿ ಜಿಂಕೆ, ಕಾಟಿಗಳ ಮೇವಿನ ನೆಲವನ್ನು ಅದು ಆಕ್ರಮಿಸಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಒಣಗಿ ನಿಂತಿದ್ದ ಲಂಟಾನವೂ ಆ ಬೆಂಕಿಗೆ ಉರುವಲಾಯಿತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಚೆಂದದ ಕುರ್ಚಿ, ಮೇಜು ಮಾಡುತ್ತಾರೆ. ಅದು ಅವರ ಜಾಣ್ಮೆಯೇ ಹೊರತು ಸಮಸ್ಯೆಗೆ ಪರಿಹಾರವಲ್ಲ.

ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರದ್ದೂ ಅದೇ ಕಥೆ. ನೆರೆಯ ವಯನಾಡಿನಲ್ಲಿ 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯಡಿ ನೆಟ್ಟ ಈ ಮರ ಕಾಡಿಗೆ ಕಾಡನ್ನೇ ವ್ಯಾಪಿಸುತ್ತಿದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಆದ್ದರಿಂದ ಸಸಿ ಮಾರುವವರನ್ನಷ್ಟೇ ದೂರುವುದು ನ್ಯಾಯವಲ್ಲ. ಸರ್ಕಾರಿ ನರ್ಸರಿಗಳೂ ಈ ಋಣದಲ್ಲಿ ಪಾಲುದಾರರು.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಬಾಹ್ಯ ವೆಚ್ಚ ಎನ್ನುತ್ತೇವೆ. ಸಸಿಯ ಬೆಲೆಯನ್ನು ಕೊಂಡವನು ತೆರುತ್ತಾನೆ. ಕಳೆ ಕೀಳಿಸುವ ಖರ್ಚನ್ನು ಬೊಕ್ಕಸ ಹೊರುತ್ತದೆ. ಮೇವು ಸಾಲದ ಪ್ರಾಣಿ ಹೊಲಕ್ಕೆ ನುಗ್ಗಿದರೆ ನಷ್ಟ ಕಾಡಂಚಿನ ರೈತನದು. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಯಿತು. ಕಟ್ಟಡ, ಗಣಿಗಳ ಬಗ್ಗೆ ಸಾಕಷ್ಟು ವಾದಗಳಾದವು. ರೆಸಾರ್ಟುಗಳ ತೋಟದಲ್ಲಿ ಏನು ನೆಡುತ್ತಿದ್ದಾರೆಂದು ಕೇಳಿದವರು ವಿರಳ.

ಜಿಲ್ಲಾಡಳಿತವು ತೋಟಗಾರಿಕೆ ಮತ್ತು ಅರಣ್ಯ ಇಲಾಖೆಗಳ ನೆರವಿನಿಂದ ನೆಡಬಾರದ ಗಿಡಗಳ ಚಿಕ್ಕ ಪಟ್ಟಿಯೊಂದನ್ನು ಹೊರಡಿಸಲಿ. ಗುಜರಾತ್ ಸರ್ಕಾರ 2023ರಲ್ಲಿ ಕೊನೊಕಾರ್ಪಸ್ ನೆಡುವುದನ್ನು ನಿಷೇಧಿಸಿತು; ಅಸಾಧ್ಯವಾದದ್ದೇನೂ ಇದರಲ್ಲಿಲ್ಲ. ಬೀಜ ಕಟ್ಟುವುದಿಲ್ಲವೆಂದು ಹೇಳಿ ಮಾರುವ ಬಣ್ಣದ ಲಂಟಾನ ತಳಿಗಳೂ ಆ ಪಟ್ಟಿಯಲ್ಲಿರಬೇಕು. ಅವುಗಳ ಪರಾಗ ಕಾಡಿನ ಲಂಟಾನವನ್ನು ತಲಪಬಲ್ಲದು. ಭೂತಾಳೆಯನ್ನು ನಿಷೇಧಿಸಬೇಕಿಲ್ಲ, ಆದರೆ ಅದರ ಮರಿಗಳನ್ನು ಕಿತ್ತು ರಸ್ತೆಬದಿಗೆಸೆಯದೆ ಕುಂಡದಲ್ಲೇ ಕಾಯ್ದುಕೊಳ್ಳಬೇಕು. ಬೇಲಿಗೆ ನಿತ್ಯಹಸಿರು ಬೇಕೆನ್ನುವವರಿಗೆ ನಮ್ಮ ಕುರುಚಲು ಕಾಡಿನ ಬಂದರಿಕೆಯಿದೆ. ಕತ್ತರಿಸಿದಂತೆ ಒತ್ತಾಗಿ ಬೆಳೆಯುತ್ತದೆ, ನೀರು ಕೇಳುವುದು ಕಡಿಮೆ, ಕಾಯಿ ಕಟ್ಟಿದಾಗ ಗಿಡವೆಲ್ಲ ಕೆಂಪು ಛಾಯೆ ತಳೆಯುತ್ತದೆ. ಹೊಳೆವ ಎಲೆಯ ಕವಳಿಯೂ ಅಷ್ಟೇ ಸೊಗಸು. ಇವುಗಳ ಸಸಿಗಳನ್ನು ತೋಟಗಾರಿಕೆ ಇಲಾಖೆ ಮುಂದಿನ ಮುಂಗಾರಿನೊಳಗೆ ಎರಡೂ ಊರುಗಳಲ್ಲಿ ಮಾರಾಟಕ್ಕಿಡಬಹುದು.