ಸೆರಗಿನ ಗಂಟಿನಿಂದ ಕೈಚೀಲದವರೆಗೆ

ಹೆಂಗಸರ ಕೈಚೀಲವೆಂದೊಡನೆ ನಗುವ ಗಂಡಸರು ನಮ್ಮಲ್ಲಿ ಇನ್ನೂ ಇದ್ದಾರೆ. ‘ವ್ಯಾನಿಟಿ ಬ್ಯಾಗು’ ಎಂಬ ಹೆಸರೇ ಆ ನಗೆಗೆ ಆಸ್ಪದ ಕೊಟ್ಟಿರಬೇಕು. ಆ ಇಂಗ್ಲಿಷ್ ಮಾತಿಗೆ ಒಣಬೆಡಗು ಎಂಬ ಅರ್ಥವೂ ಉಂಟಷ್ಟೆ. ಆದರೆ ಕೈಚೀಲದ ಹುಟ್ಟು ಬೆಡಗಿನಿಂದಾದುದಲ್ಲ, ಕೊರತೆಯಿಂದಾದುದು. ಗಂಡಸಿನ ಅಂಗಿಗೆ ಜೇಬುಂಟು, ಸೀರೆಗೆ ಜೇಬಿಲ್ಲ. ಆದುದರಿಂದ ನಮ್ಮ ಹಿರಿಯ ಹೆಂಗಸರು ಕಾಸನ್ನು ಸೆರಗಿನ ತುದಿಗೆ ಗಂಟು ಹಾಕಿದರು, ಇಲ್ಲವೆ ಸೊಂಟದಲ್ಲಿ ಚಂಚಿ ಸಿಕ್ಕಿಸಿಕೊಂಡರು. ಯುರೋಪಿನಲ್ಲಿಯೂ ನಡೆದುದು ಇದೇ. ಹದಿನೆಂಟನೆಯ ಶತಮಾನದ ಕೊನೆಗೆ ಅಲ್ಲಿನ ಹೆಂಗಸರ ಉಡುಪು ತೆಳುವಾಗಿ, ಒಳಗೆ ಕಟ್ಟಿಕೊಳ್ಳುತ್ತಿದ್ದ ಜೇಬುಗಳಿಗೆ ಎಡೆಯಿಲ್ಲದಾದಾಗ ದಾರ ಬಿಗಿದ ಪುಟ್ಟ ಚೀಲವು ಕೈಗೆ ಬಂದಿತು.

ನಮ್ಮ ಭಾಷೆಯಲ್ಲಿ ಚೀಲಕ್ಕಿರುವ ಗೌರವ ಸಣ್ಣದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದು ಸಂಚಿಯ ಹೊನ್ನಮ್ಮನೆಂದೇ ಹೆಸರಾದಳು. ಕನ್ನಡದಲ್ಲಿ ಸಂಚಿಯೆಂದರೆ ಮುಖ್ಯವಾಗಿ ಎಲೆಯಡಿಕೆಯ ಚೀಲ. ತೆಲುಗಿನಲ್ಲಿ ಅದೇ ಮಾತಿಗೆ ಯಾವ ಚೀಲವಾದರೂ ಸಲ್ಲುತ್ತದೆ. ಎರಡೂ ಭಾಷೆ ಬಳಸುವ ಪೆದ್ದಕಡುಬೂರಿನಂತಹ ಊರಿನಲ್ಲಿ ಅಜ್ಜಿಯ ಸಂಚಿ ಸೊಂಟದಲ್ಲಿ, ಅಂಗಡಿಯವನ ಸಂಚಿ ತಕ್ಕಡಿಯ ಪಕ್ಕದಲ್ಲಿ!

ಪೆದ್ದಕಡುಬೂರಿನಿಂದ ಆದವಾನಿಗೆ ಹೋಗುವ ಬಸ್ಸನ್ನು ಹತ್ತಿ ನೋಡಿದರೆ ವಯಸ್ಸಿಗೊಂದು ಚೀಲ ಕಾಣುತ್ತದೆ. ಅಜ್ಜಿಯ ಬಟ್ಟೆಯ ಚಂಚಿಯಲ್ಲಿ ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಕಾಸಿಗೊಂದು ಅರೆ. ಯಾವ ಅರೆಯಲ್ಲಿ ಏನಿದೆಯೆಂದು ಕತ್ತಲಲ್ಲಿಯೂ ಅವಳ ಬೆರಳಿಗೆ ಗೊತ್ತು. ನಡುವಯಸ್ಸಿನ ತಾಯಿಯದು ಜಿಪ್ಪಿನ ಕೈಚೀಲ. ಅದರೊಳಗೆ ಡ್ವಾಕ್ರಾ ಸಂಘದ ಪಾಸ್‌ಬುಕ್ಕು, ಆಧಾರ್ ಕಾರ್ಡು, ಮಗುವಿನ ಔಷಧಿಯ ಚೀಟಿ. ಕಾಲೇಜಿನ ಮಗಳ ಬೆನ್ನಿಗೆ ಪುಸ್ತಕದ ಚೀಲ, ಎದೆಗಡ್ಡವಾಗಿ ಮೊಬೈಲು ಹಿಡಿಸುವಷ್ಟೇ ಸಣ್ಣದೊಂದು ಚೀಲ. ಅಜ್ಜಿಯ ಚಂಚಿಯನ್ನು ಕಂಡು ಮೊಮ್ಮಗಳು ನಗುವುದುಂಟು. ಆದರೆ ಅಳತೆಯಲ್ಲಿ ಎರಡೂ ಒಂದೇ. ಎರಡೂ ಮೈಗಂಟಿಕೊಂಡೇ ಇರತಕ್ಕವು.

ಪ್ರದೇಶಕ್ಕೆ ತಕ್ಕಂತೆಯೂ ಚೀಲದ ರೂಪ ಬೇರೆಯಾಗುತ್ತದೆ. ಕಾಸರಗೋಡಿನ ಸೋದರಿಗೆ ಮಳೆಗಾಲದಲ್ಲಿ ಕೊಡೆ ಹಿಡಿಸುವ, ನೀರಿಗೆ ಹೆದರದ ಚೀಲ ಬೇಕು. ಮುಂಬಯಿಯ ಕನ್ನಡತಿ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಬೆನ್ನಿನ ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳುತ್ತಾಳೆ. ಧಾರವಾಡದ ಕಡೆ ಕಸೂತಿಯ ಪರ್ಸಿಗೆ ಇಂದಿಗೂ ಮರ್ಯಾದೆಯಿದೆ. ನಮಗೆ ಸಮೀಪದ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಕನ್ನಡಿ, ಕವಡೆಗಳಿಂದ ಬೆಳಗುವ ಆ ಚೀಲ ಇಂದು ಬೆಂಗಳೂರಿನ ಯುವತಿಯರಿಗೆ ಹೊಸ ಫ್ಯಾಶನ್ನು; ತಾಂಡಾದ ಅಜ್ಜಿಗೆ ಅದು ಎಂದಿನ ಹೊಲಿಗೆ.

ಗಡಿಯ ಹೆಣ್ಣಿನ ಚೀಲಕ್ಕೆ ಇವೆಲ್ಲಕ್ಕಿಂತ ಬೇರೆಯಾದ ಒಂದು ಹೊರೆ ಉಂಟು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರವನ್ನು ಸೇರಿದವು. ತವರು ಅತ್ತ, ಗಂಡನ ಮನೆ ಇತ್ತ ಉಳಿದ ಹೆಣ್ಣುಮಕ್ಕಳು ಅನೇಕರು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ, ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಆದರೆ ಎರಡೂ ಆಯಾ ರಾಜ್ಯದವರಿಗೇ ಮೀಸಲು. ಗುರುತಿನ ಚೀಟಿ ತೋರಿಸಲೇಬೇಕು. ಬಳ್ಳಾರಿಯ ತವರಿಗೆ ಹೊರಟ ನಮ್ಮ ಸೋದರಿ ಗಡಿಯೀಚೆ ಕಾರ್ಡು ತೆಗೆಯಬೇಕು, ಗಡಿಯಾಚೆ ಕಾಸು ತೆಗೆಯಬೇಕು.

ಇನ್ನು ‘ಸುಗ್ಗಿಗೆ ಹೋಗುವ’ ಕುಟುಂಬಗಳ ಮಾತು. ಪಶ್ಚಿಮ ಕರ್ನೂಲಿನ ಹಳ್ಳಿಗಳಿಂದ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನ ಕಡೆಗೆ ಮನೆಮಂದಿಯೆಲ್ಲ ತೆರಳುತ್ತಾರೆ. ಪಾತ್ರೆ ಗೋಣಿಯಲ್ಲಿ, ಬಟ್ಟೆ ಗಂಟಿನಲ್ಲಿ. ಪಡಿತರ ಕಾರ್ಡು, ಮಕ್ಕಳ ಶಾಲೆಯ ಕಾಗದ, ಬ್ಯಾಂಕಿನ ಪುಸ್ತಕ ಎಲ್ಲಿ? ಅವು ಒಂದು ಸಲ ಕಳೆದರೆ ಕಚೇರಿಯಿಂದ ಕಚೇರಿಗೆ ತಿರುಗಿ ತಿರುಗಿ ಕೂಲಿಯ ದಿನಗಳೇ ಕಳೆದುಹೋಗುತ್ತವೆ. ಮೆಣಸಿನಕಾಯಿ ಬಿಡಿಸಿ ಬೆರಳುರಿಯುವ ಕೈ ಅವಳದು; ಕೂಲಿ ಬಂದ ಸಂಜೆ ನೋಟು ಹೋಗುವುದು ಮಾತ್ರ ಗಂಡನ ಜೇಬಿಗೆ. ಕೈಯಲ್ಲಿ ಚೀಲವಿದ್ದರೂ ಅದರಲ್ಲಿ ಸ್ವಂತದ ಕಾಸಿಲ್ಲದಿದ್ದರೆ ಆ ಚೀಲ ಅಲಂಕಾರವೇ ಸರಿ. ನಗುವ ಗಂಡಸರು ಯೋಚಿಸಬೇಕಾದುದು ಇದನ್ನು.

ಆದುದರಿಂದ ಹಬ್ಬಕ್ಕೋ ಮದುವೆಗೋ ಚೀಲ ಕೊಳ್ಳುವ ಸೋದರಿಯರಿಗೆ ನಮ್ಮ ಬಿನ್ನಹವಿಷ್ಟು. ಬಣ್ಣ ನಿಮ್ಮ ಇಷ್ಟ. ಹೊಲಿಗೆ, ಜಿಪ್ಪು, ಪಟ್ಟಿಗಳ ಗಟ್ಟಿತನವನ್ನು ಎಳೆದು ನೋಡಿರಿ. ಒಳಗೊಂದು ಮುಚ್ಚುವ ಅರೆಯಿರಲಿ. ಕಾಗದಪತ್ರಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ನಕಲುಗಳನ್ನು ಬೇರೆಡೆ ಇಡಿರಿ. ಭಾರದ ಚೀಲವನ್ನು ಒಂದೇ ಹೆಗಲಿಗೆ ಹಾಕದೆ ಬದಲಾಯಿಸುತ್ತಿರಿ. ಹಳೆಯ ಸೀರೆಯಿಂದ ಗಟ್ಟಿಯಾದ ಚೀಲ ಮನೆಯಲ್ಲಿಯೇ ಆಗುತ್ತದೆ. ಹೊಲಿಯಬಲ್ಲ ಅಜ್ಜಿಯಿದ್ದರೆ ಅರೆಗಳನ್ನಿಡುವ ವಿದ್ಯೆಯನ್ನು ಮೊಮ್ಮಗಳು ಈಗಲೇ ಕಲಿತುಕೊಳ್ಳಲಿ. ಹೊಸ ಚೀಲವನ್ನು ಬರಿದಾಗಿ ಕೊಡಬಾರದೆಂದು ಒಂದು ನಾಣ್ಯವನ್ನಾದರೂ ಹಾಕಿ ಕೊಡುವುದು ಒಳ್ಳೆಯ ಪದ್ಧತಿ. ಮಗಳಿಗೆ ಚೀಲ ಕೊಡುವಾಗ ನಾಣ್ಯದೊಡನೆ ಅವಳ ಹೆಸರಿನ ಬ್ಯಾಂಕಿನ ಪುಸ್ತಕವನ್ನೂ ಇಟ್ಟು ಕೊಡೋಣ.